ಶಿವರಾಮ ಕಾರಂತರ ಪುತ್ತೂರು ಬದುಕು ಮತ್ತು ಕನ್ನಡದ ಪಾರಿಭಾಷಿಕ ಪದಗಳ ಬರಹರೂಪ: ಶಾಖಸಂಬಂಧಿ ಪದಗಳನ್ನು ಅನುಲಕ್ಷಿಸಿ

1. ಪ್ರವೇಶ

ಕೋಟ ಶಿವರಾಮ ಕಾರಂತರು (1902–1997) ಕನ್ನಡ ಓದುಗರಿಗೆ ಮೊದಲು ಪರಿಚಿತರಾಗುವುದು ಕಾದಂಬರಿಕಾರರಾಗಿ, ಅನಂತರ ಯಕ್ಷಗಾನದ ಸಂಶೋಧಕರಾಗಿ ಮತ್ತು ಪ್ರಯೋಗಶೀಲರಾಗಿ. ಇವೆರಡರ ನಡುವೆ ಅಷ್ಟಾಗಿ ಚರ್ಚೆಗೆ ಬಾರದೆ ಉಳಿದಿರುವ ಮೂರನೆಯ ಮುಖವೊಂದಿದೆ. ಆಧುನಿಕ ವಿಜ್ಞಾನದ ತಿಳಿವಳಿಕೆಯನ್ನು ಕನ್ನಡದಲ್ಲಿ, ಅದರಲ್ಲೂ ಮಕ್ಕಳಿಗಾಗಿ, ಬರೆದು ಮುದ್ರಿಸಿ ಹಂಚಿದ ಕೋಶಕರ್ತರ ಮುಖ ಅದು. ಈ ಕೆಲಸದ ಬಹುಪಾಲು ನಡೆದದ್ದು ವಿಶ್ವವಿದ್ಯಾಲಯದ ಆವರಣದಲ್ಲಲ್ಲ, ರಾಜಧಾನಿಯಲ್ಲೂ ಅಲ್ಲ. ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನಲ್ಲಿ.

ವಿಜ್ಞಾನವನ್ನು ಕನ್ನಡದಲ್ಲಿ ಬರೆಯಹೊರಟವರೆಲ್ಲರಿಗೂ ಎದುರಾದ ಸಮಸ್ಯೆ ಪಾರಿಭಾಷಿಕ ಪದಗಳದ್ದು. ಸಾಮಾನ್ಯವಾಗಿ ಇದನ್ನು ಪದಗಳ ಕೊರತೆಯೆಂದು ತಿಳಿಯಲಾಗುತ್ತದೆ. ವಾಸ್ತವವಾಗಿ ಇದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಬೆರೆತಿವೆ. ಒಂದು ವಸ್ತುವಿಗೆ ಯಾವ ಪದ ಎಂಬುದು ಮೊದಲನೆಯದು. ಆ ಪದದ ಯಾವ ರೂಪ ಎಂಬುದು ಎರಡನೆಯದು. ಆ ರೂಪವನ್ನು ಯಾವ ಅಕ್ಷರಗಳಲ್ಲಿ ಬರೆಯಬೇಕು ಎಂಬುದು ಮೂರನೆಯದು. ಮೊದಲ ಪ್ರಶ್ನೆಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ; ಉಳಿದೆರಡು ಕರಡು ತಿದ್ದುವವರ ಪಾಲಿಗೆ ಬಿಟ್ಟುಹೋಗಿವೆ. ಪ್ರಸ್ತುತ ಲೇಖನವು ಕಾರಂತರ ಬದುಕಿನ ಪುತ್ತೂರು ಅವಧಿಯನ್ನು ನಡುವೆ ಇಟ್ಟುಕೊಂಡು, ಕಾಯಿಸುವ, ಬೇಯಿಸುವ, ಒಣಗಿಸುವ ಕಸುಬುಗಳಿಗೂ ಅವುಗಳ ಹಿಂದಿನ ವಿಜ್ಞಾನಕ್ಕೂ ಸಂಬಂಧಿಸಿದ ಪದಗಳ ಮೂಲಕ ಈ ಮೂರೂ ಪ್ರಶ್ನೆಗಳನ್ನು ಪರಿಶೀಲಿಸುತ್ತದೆ. ಬೆಂಕಿ ಎಲ್ಲ ಮನೆಗಳಲ್ಲೂ ಇರುವುದರಿಂದ ಶಾಖದ ಪದಗಳು ಆಡುಮಾತಿನಲ್ಲೂ ಇವೆ, ಕಸುಬಿನಲ್ಲೂ ಇವೆ, ಪಠ್ಯಪುಸ್ತಕದಲ್ಲೂ ಇವೆ. ಆದ್ದರಿಂದ ಈ ಮೂರರ ನಡುವಿನ ಅಂತರವನ್ನು ಅಳೆಯಲು ಇವು ತಕ್ಕ ಸಾಮಗ್ರಿ.

2. ಕೋಟದಿಂದ ಪುತ್ತೂರಿಗೆ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ವಿದ್ಯಾಭ್ಯಾಸ ನಡೆಸುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ಅರ್ಧಕ್ಕೆ ಬಿಟ್ಟರು. ಅನಂತರದ ವರ್ಷಗಳಲ್ಲಿ ಖಾದಿ ಪ್ರಚಾರ, ಸಮಾಜ ಸುಧಾರಣೆ, ನಾಟಕ, ಪತ್ರಿಕೋದ್ಯಮ ಹೀಗೆ ಒಂದರ ಬಳಿಕ ಒಂದು ಕ್ಷೇತ್ರವನ್ನು ಹೊಕ್ಕರು. ವಸಂತ ಎಂಬ ಮಾಸಪತ್ರಿಕೆಯನ್ನು ನಡೆಸಿದ್ದು ಈ ಅವಧಿಯಲ್ಲಿಯೇ. 1930ರಲ್ಲಿ ಭಾರತೀಯ ಚಿತ್ರಕಲೆಯನ್ನು ಕುರಿತ ಅವರ ಗ್ರಂಥ ಬಂದಿತು. ಪದವಿಯಿಲ್ಲದ, ವಿದ್ವತ್ ಸಂಸ್ಥೆಯೊಂದರ ಆಸರೆಯೂ ಇಲ್ಲದ ತರುಣನೊಬ್ಬ ಶಾಸ್ತ್ರವಿಷಯವೊಂದನ್ನು ಕನ್ನಡದಲ್ಲಿ ಬರೆಯಲು ಮುಂದಾದದ್ದು ಮುಂದಿನ ಕೋಶರಚನೆಯ ಹಿನ್ನೆಲೆಯಲ್ಲಿ ಗಮನಾರ್ಹ. ಕಾಲೇಜು ತನಗೆ ಕಲಿಸದೆ ಬಿಟ್ಟದ್ದನ್ನು ಸ್ವತಃ ಕಲಿತು, ಕಲಿತದ್ದನ್ನು ಇತರರಿಗೆ ತಲಪಿಸುವ ಕ್ರಮ ಅಲ್ಲಿಂದಲೇ ಆರಂಭವಾಗುತ್ತದೆ.

ಪುತ್ತೂರಿನಲ್ಲಿ ಆಗ ವಕೀಲರೂ ಸಹಕಾರಿ ಚಳವಳಿಯ ನೇತಾರರೂ ಆಗಿದ್ದ ಮೊಳಹಳ್ಳಿ ಶಿವರಾಯರ ಆಸಕ್ತಿಯಿಂದ ಸಾಂಸ್ಕೃತಿಕ ಚಟುವಟಿಕೆಗಳು ಬಿರುಸಾಗಿ ನಡೆಯುತ್ತಿದ್ದವು. ಶಿವರಾಯರ ಒಡನಾಟ ಕಾರಂತರನ್ನು ಪುತ್ತೂರಿನಲ್ಲಿ ನೆಲೆ ನಿಲ್ಲಿಸಿತು. 1930ರ ದಶಕದಲ್ಲಿ ಅಲ್ಲಿ ನಡೆದ ದಸರಾ ನಾಡಹಬ್ಬಗಳು ನಾಡಿನ ಅನೇಕ ಲೇಖಕರನ್ನು, ಕಲಾವಿದರನ್ನು ಆ ಸಣ್ಣ ಊರಿಗೆ ಬರಮಾಡಿಕೊಂಡವು. ಪರ್ಲಡ್ಕದ ಗುಡ್ಡದಲ್ಲಿ ಬಾಲವನ ರೂಪುಗೊಂಡಿತು. ಮಕ್ಕಳು ಆಡುತ್ತ, ಕುಣಿಯುತ್ತ, ಕಣ್ಣಾರೆ ನೋಡುತ್ತ ಕಲಿಯಬೇಕೆಂಬ ಆಶಯದಿಂದ ಅಲ್ಲಿ ಶಿಕ್ಷಣದ ಪ್ರಯೋಗಗಳು ನಡೆದವು. 1936ರಲ್ಲಿ ಕಾರಂತರು ಲೀಲಾ ಅವರನ್ನು ವಿವಾಹವಾದರು. ಜಾತಿಯ ಗಡಿಯನ್ನು ದಾಟಿದ ಈ ವಿವಾಹ ಆ ಕಾಲದ ಕರಾವಳಿ ಸಮಾಜದಲ್ಲಿ ಸುಲಭದ ನಡೆಯಾಗಿರಲಿಲ್ಲ. ಅದೇ ವರ್ಷ ಬಾಲಪ್ರಪಂಚ ಹೊರಬಂದಿತು.

ಸುಮಾರು ನಾಲ್ಕು ದಶಕಗಳ ಕಾಲ ಪುತ್ತೂರು ಕಾರಂತರ ಕಾರ್ಯಕ್ಷೇತ್ರವಾಗಿತ್ತು. 1933ರ ಚೋಮನ ದುಡಿಯಿಂದ ಹಿಡಿದು 1968ರ ಮೂಕಜ್ಜಿಯ ಕನಸುಗಳವರೆಗಿನ ಮುಖ್ಯ ಕೃತಿಗಳು ಬಂದದ್ದು ಈ ಅವಧಿಯಲ್ಲಿ. ಬೆಟ್ಟದ ಜೀವ ಕಾದಂಬರಿಯ ಕುಮಾರಪರ್ವತದ ತಪ್ಪಲು, ಕುಡಿಯರ ಕೂಸು ಕಾದಂಬರಿಯ ಮಲೆಕುಡಿಯರ ಜಗತ್ತು ಇವೆಲ್ಲ ಘಟ್ಟದ ಬುಡದ ಕಾಡು, ತೋಟ, ಹೊಳೆಗಳ ತಿರುಗಾಟದಿಂದ ದೊರೆತ ಅನುಭವ. ಇಂದು ಸುಳ್ಯ ಮತ್ತು ಕಡಬ ಪ್ರತ್ಯೇಕ ತಾಲ್ಲೂಕುಗಳು. ಆಗ ಈ ಸೀಮೆಗೆಲ್ಲ ಪುತ್ತೂರೇ ಆಡಳಿತದ ಕೇಂದ್ರವಾಗಿತ್ತು.

3. ಸೀಮೆಯ ಭಾಷೆಗಳು ಮತ್ತು ಬೆಂಕಿಯ ಪದಗಳು

ಕನ್ನಡದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವುದೆಂದರೆ ಪುತ್ತೂರಿನಲ್ಲಿ ಏನರ್ಥ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಈ ಪ್ರದೇಶದಲ್ಲಿ ಕನ್ನಡ ಶಾಲೆಯ, ಕಚೇರಿಯ, ಯಕ್ಷಗಾನದ ಮತ್ತು ಪತ್ರಿಕೆಯ ಭಾಷೆ. ಮನೆಯ ಭಾಷೆ ಹಲವರಿಗೆ ತುಳು. ಕೆಲವರಿಗೆ ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ ಅಥವಾ ಮಲಯಾಳ. ಸುಳ್ಯದ ಕಡೆ ಗೌಡ ಸಮುದಾಯದ ಅರೆಭಾಷೆ ಬಳಕೆಯಲ್ಲಿದೆ. 1964ರ ಭಾರತ–ಶ್ರೀಲಂಕಾ ಒಪ್ಪಂದದ ತರುವಾಯ ಮರಳಿ ಬಂದವರಲ್ಲಿ ಹಲವು ಕುಟುಂಬಗಳು ಸುಳ್ಯ ಭಾಗದ ರಬ್ಬರ್ ತೋಟಗಳಲ್ಲಿ ನೆಲೆಗೊಂಡ ಮೇಲೆ ತಮಿಳೂ ಇದಕ್ಕೆ ಸೇರಿತು. ಹೀಗಾಗಿ ಇಲ್ಲಿನ ಬಹಳಷ್ಟು ಮಕ್ಕಳು ಕನ್ನಡವನ್ನು ಕಲಿಯುವುದು ಬರಹದ ಮೂಲಕ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗು ಒಂದೇ ಪದದ ಎರಡು ಬರಹಗಳನ್ನು ಕಂಡಾಗ ಕಿವಿಯ ನೆನಪಿನಿಂದ ಎರಡನ್ನೂ ಗುರುತಿಸುತ್ತದೆ. ಬರಹದಿಂದಲೇ ಕನ್ನಡ ಕಲಿತ ಮಗುವಿಗೆ ಅವು ಎರಡು ಬೇರೆ ಪದಗಳಾಗಿ ತೋರುತ್ತವೆ. ಬರಹರೂಪದ ಪ್ರಶ್ನೆ ಇಲ್ಲಿ ಬರಿಯ ಶಿಸ್ತಿನ ಪ್ರಶ್ನೆಯಾಗಿ ಉಳಿಯದೆ ಶಿಕ್ಷಣದ ಪ್ರಶ್ನೆಯಾಗುವುದು ಈ ಕಾರಣದಿಂದ.

ಬಿಸಿ ಎಂಬ ಸರಳ ಪದವನ್ನೇ ಗಮನಿಸಬಹುದು. ಈ ಸೀಮೆಯ ಹವ್ಯಕ ಕನ್ನಡದಲ್ಲಿ ಅದು ಬೆಶಿ. ತುಳುವಿನಲ್ಲಿ ಬಿಸಿನೀರಿಗೆ ಬೆಚ್ಚ ನೀರ್ ಎನ್ನುತ್ತಾರೆ. ಆದರೆ ಶಿಷ್ಟ ಕನ್ನಡದ ಬೆಚ್ಚಗೆ ಎಂಬ ಮಾತು ಹಿತವಾದ, ಕಡಿಮೆ ಪ್ರಮಾಣದ ಬಿಸಿಯನ್ನು ಸೂಚಿಸುತ್ತದೆ. ಸಮೀಪದ ರೂಪಗಳು ಎರಡು ಭಾಷೆಗಳಲ್ಲಿ ಬಿಸಿಯ ಎರಡು ಮಟ್ಟಗಳನ್ನು ಹೇಳುತ್ತಿವೆ. ತುಳುವಿನಲ್ಲಿ ಬೆಂಕಿಗೆ ತೂ ಎಂದೂ ಸೂ ಎಂದೂ ಎರಡು ರೂಪಗಳಿವೆ. ಇನ್ನು ಕರಾವಳಿಯ ಬೇಸಗೆಯ ಬೇಗೆಯನ್ನು ಸೂಚಿಸುವ ಪದ ಅಚ್ಚಿನಲ್ಲಿ ಸೆಕೆ, ಸೆಖೆ, ಶೆಕೆ, ಶೆಖೆ ಎಂದು ನಾಲ್ಕು ಬಗೆಯಾಗಿ ಕಾಣಸಿಗುತ್ತದೆ. ಪಠ್ಯಪುಸ್ತಕದ ಶಾಖ ಎಂಬ ಪದ ತನ್ನ ಅಕ್ಷರಗಳಿಂದಾಗಿ ಸಂಸ್ಕೃತದಂತೆ ಕಾಣುತ್ತದೆ. ಆದರೆ ಸಂಸ್ಕೃತದ ಶಾಖಾ ಎಂದರೆ ಕೊಂಬೆ. ಶಕಾರ, ಮಹಾಪ್ರಾಣಗಳನ್ನು ತೊಡಿಸಿದರೆ ಪದಕ್ಕೆ ಶಾಸ್ತ್ರೀಯತೆ ಬರುತ್ತದೆಂಬ ನಂಬಿಕೆ ಸೆಖೆ, ಶೆಖೆಗಳಂಥ ಬರಹಗಳ ಹಿಂದೆಯೂ ಕೆಲಸ ಮಾಡಿರಬಹುದು.

ಕಸುಬಿನ ಪದಗಳಿಗೆ ಬಂದರೆ ವೈವಿಧ್ಯ ಇನ್ನೂ ಹೆಚ್ಚು. ಕುಂಬಾರನು ಮಡಕೆ ಸುಡುವ ಗೂಡಿಗೆ ಆವಿಗೆ, ಆವಗೆ, ಆವುಗೆ ಎಂಬ ರೂಪಗಳಿವೆ. ಕಮ್ಮಾರನದು ಕುಲುಮೆ ಅಥವಾ ಕುಲಿಮೆ. ಕುಲುಮೆಗೆ ಹಾಕುವುದು ಇದ್ದಿಲು ಅಥವಾ ಇದ್ದಲು. ಚಿನ್ನ ಕರಗಿಸುವ ಪಾತ್ರೆ ಮೂಸೆ ಅಥವಾ ಮೂಷೆ. ಮೈ ಕಾಯಿಸಿಕೊಳ್ಳುವ ಬೆಂಕಿಯ ಪಾತ್ರೆ ಅಗ್ಗಿಷ್ಟಿಕೆ ಅಥವಾ ಅಗ್ಗಿಷ್ಟಿಗೆ. ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ ಕರಾವಳಿಯ ಮುಖ್ಯ ಆಹಾರ. ಅದರ ಹೆಸರು ಅಂಗಡಿಯಿಂದ ಅಂಗಡಿಗೆ ಕುಚ್ಚಲಕ್ಕಿ, ಕುಚಲಕ್ಕಿ, ಕುಸುಬಲಕ್ಕಿ ಎಂದು ಬದಲಾಗುತ್ತದೆ. ಇವಾವುವೂ ಇಂಗ್ಲಿಷಿನಿಂದ ಬಂದ ಪದಗಳಲ್ಲ. ಬರಹರೂಪದ ಅಸ್ಥಿರತೆ ಎರವಲು ಪದಗಳೊಂದಿಗೆ ಬಂದ ರೋಗವೆಂಬ ತಿಳಿವಳಿಕೆ ತಪ್ಪು ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಇಂಥ ಪರ್ಯಾಯ ರೂಪಗಳನ್ನು ತಳ್ಳಿಹಾಕದೆ ದಾಖಲಿಸಿ ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸಿತು. ಕೋಶಕಾರನ ಕೆಲಸ ರೂಪಗಳನ್ನು ದಾಖಲಿಸುವುದು. ಮಕ್ಕಳಿಗಾಗಿ ಬರೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಪ್ರತಿ ಸಾಲಿನಲ್ಲೂ ಒಂದನ್ನು ಆರಿಸಿಕೊಳ್ಳಲೇಬೇಕು.

4. ಬಾಲಪ್ರಪಂಚ ಮತ್ತು ಪದಗಳ ಆಯ್ಕೆ

ಬಾಲಪ್ರಪಂಚ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ. ಭೂಮಿ, ಆಕಾಶ, ಪ್ರಾಣಿ, ಸಸ್ಯ, ಯಂತ್ರ, ಮಾನವ ಸಮಾಜಗಳ ವಿವರಗಳನ್ನು ಚಿತ್ರಗಳೊಂದಿಗೆ ಕನ್ನಡದ ಮಕ್ಕಳ ಕೈಗೆ ಕೊಡುವ ಈ ಪ್ರಯತ್ನಕ್ಕೆ ಆಗ ಕನ್ನಡದಲ್ಲಿ ಸರಿಸಾಟಿಯಾದ ಮಾದರಿ ಇರಲಿಲ್ಲ. ಹಲವು ತಜ್ಞರ ಮಂಡಳಿ ಮಾಡಬೇಕಾದ ಕೆಲಸವನ್ನು ಬಹುಮಟ್ಟಿಗೆ ಒಬ್ಬರೇ ನಿರ್ವಹಿಸಿದರು.

ಅಂದಿನ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಮೈಸೂರು ಸಂಸ್ಥಾನದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರ ಸುಮಾರಿಗೆ ವಿಜ್ಞಾನ ಎಂಬ ಪತ್ರಿಕೆಯನ್ನು ನಡೆಸಿ ಪಾರಿಭಾಷಿಕ ಪದಗಳ ನಿರ್ಮಾಣಕ್ಕೆ ಅಡಿಪಾಯ ಹಾಕಿದ್ದರು. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟಿನ ಕಾರ್ಯ 1930ರ ದಶಕದಲ್ಲಿ ಆರಂಭವಾಗಿತ್ತಾದರೂ ಅದು ಪ್ರಕಟವಾದದ್ದು 1946ರಲ್ಲಿ. ಪುತ್ತೂರಿನ ಶಾಲೆಗಳು ಮದರಾಸು ಪ್ರಾಂತದ ಪಠ್ಯಕ್ರಮಕ್ಕೆ ಒಳಪಟ್ಟಿದ್ದವು. ಬಾಲಪ್ರಪಂಚದ ಕರ್ತೃವಿಗೆ ಎಲ್ಲ ಕನ್ನಡಿಗರೂ ಒಪ್ಪಿದ ಪದಕೋಶವೊಂದು ದೊರೆಯುವಂತಿರಲಿಲ್ಲ. ಅದು ಸಿದ್ಧವಾಗುವವರೆಗೆ ಕಾಯುವುದು ಒಂದು ದಾರಿ. ಬರೆಯುತ್ತ ಹೋಗಿ ಪದಗಳನ್ನು ಸಂದರ್ಭದಲ್ಲೇ ಅರ್ಥವಾಗಿಸುವುದು ಇನ್ನೊಂದು. ಕಾರಂತರು ಎರಡನೆಯದನ್ನು ಆರಿಸಿಕೊಂಡರು.

ಶಾಖದ ಅಧ್ಯಾಯವನ್ನು ಕನ್ನಡದಲ್ಲಿ ಬರೆಯುವ ಯಾರೂ ಮೊದಲು ಎದುರಿಸಬೇಕಾದ ತೊಡಕು ಪದಗಳ ಅಭಾವದ್ದಲ್ಲ, ಅತಿಯಾದ ಸಮೃದ್ಧಿಯದು. ಬಿಸಿ, ಕಾವು, ಶಾಖ, ಉಷ್ಣ, ತಾಪ ಎಂಬ ಐದು ಪದಗಳು ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿ ಬಳಕೆಯಲ್ಲಿವೆ. ಇವುಗಳಿಂದ ಹುಟ್ಟಿದ ಉಷ್ಣತೆ, ಉಷ್ಣಾಂಶ, ಉಷ್ಣಮಾನ, ತಾಪಮಾನಗಳು ಬೇರೆ. ವಿಜ್ಞಾನಕ್ಕೆ ಇಲ್ಲಿ ಎರಡು ಪರಿಕಲ್ಪನೆಗಳನ್ನು ಖಚಿತವಾಗಿ ಬೇರ್ಪಡಿಸಬೇಕಾಗಿದೆ: ಒಂದು, ವಸ್ತುವಿಗೆ ಹರಿದುಬರುವ ಅಥವಾ ಅದರಿಂದ ಹರಿದುಹೋಗುವ ಶಕ್ತಿ, ಇನ್ನೊಂದು, ಆ ವಸ್ತು ಎಷ್ಟು ಬಿಸಿಯಾಗಿದೆ ಎಂಬ ಮಟ್ಟ. 30 ಡಿಗ್ರಿಯಲ್ಲಿರುವ 1 ಲೀಟರ್ ನೀರನ್ನು ಪಾತ್ರೆಯಲ್ಲಿ 100 ಡಿಗ್ರಿಗೆ ಏರಿಸಲು ಸುಮಾರು 70 ಕಿಲೊಕ್ಯಾಲೊರಿ ಬೇಕು. ಬಚ್ಚಲ ಹಂಡೆಯ 40 ಲೀಟರ್ ನೀರನ್ನು 30 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 400 ಕಿಲೊಕ್ಯಾಲೊರಿ ಬೇಕು. ಪಾತ್ರೆಯ ನೀರು ಕೈ ಸುಡುತ್ತದೆ, ಹಂಡೆಯ ನೀರು ಸುಡುವುದಿಲ್ಲ. ಆದರೆ ಹೆಚ್ಚು ಸೌದೆ ಉರಿದದ್ದು ಹಂಡೆಯ ಕೆಳಗೆ. ಒಂದು ಪುಸ್ತಕ ಮೊದಲನೆಯ ಪರಿಕಲ್ಪನೆಗೆ ಉಷ್ಣವೆಂದೂ ಎರಡನೆಯದಕ್ಕೆ ಉಷ್ಣತೆಯೆಂದೂ ಬರೆದರೆ ಇಡೀ ಭೇದ ಒಂದು ಪ್ರತ್ಯಯದ ಮೇಲೆ ನಿಲ್ಲುತ್ತದೆ. ಇನ್ನೊಂದು ಪುಸ್ತಕ ಶಾಖ ಮತ್ತು ತಾಪ ಎಂದರೆ, ಮೊದಲ ಪುಸ್ತಕ ಓದಿ ಬಂದ ವಿದ್ಯಾರ್ಥಿಗೆ ಅದು ಬೇರೆಯೇ ವಿಷಯದಂತೆ ಕಾಣುತ್ತದೆ. ಗುಪ್ತೋಷ್ಣ, ಸುಪ್ತೋಷ್ಣ, ಗುಪ್ತಶಾಖಗಳ ಸ್ಥಿತಿಯೂ ಇದೇ. ವಿಶಿಷ್ಟೋಷ್ಣ ಎಂದು ಸಂಧಿ ಮಾಡಿ ಬರೆದರೆ ಒಂದು ಪದ, ವಿಶಿಷ್ಟ ಉಷ್ಣ ಎಂದು ಬಿಡಿಸಿದರೆ ಎರಡು ಪದ. ಸಂಧಿ ಬಿಡಿಸಲಾಗದ ಎಳೆಯರಿಗೆ ಮೊದಲನೆಯದರಲ್ಲಿ ಉಷ್ಣವೇ ಕಾಣದು.

ಕಾರಂತರ ವಿಜ್ಞಾನ ಬರಹದ ಗದ್ಯ ಬಿಗಿಯಾದ ಸಂಸ್ಕೃತ ಸಮಾಸಗಳಿಗಿಂತ ಬಿಡಿಸಿ ಹೇಳುವ ಸರಳ ವಾಕ್ಯಗಳ ಕಡೆಗೆ ಒಲಿದದ್ದು. ಪದವನ್ನು ಮುಂದಿಟ್ಟು ಅದರ ವ್ಯಾಖ್ಯೆ ಕೊಡುವುದಕ್ಕಿಂತ ಕಂಡ ಸಂಗತಿಯನ್ನು ಹೇಳಿ ಅದರ ಹೆಸರಿಗೆ ಬರುವುದು ಈ ಬರಹದ ರೀತಿ. ಇಂಥ ಗದ್ಯದಲ್ಲಿ ಪದದ ರೂಪ ಸ್ವಲ್ಪ ಬೇರೆಯಾದರೂ ಅರ್ಥ ಕೆಡುವುದಿಲ್ಲ. ವಾಕ್ಯವೇ ಪದವನ್ನು ಹೊತ್ತು ನಿಲ್ಲಿಸುತ್ತದೆ. ಪಾರಿಭಾಷಿಕ ಪದದ ಸಮಸ್ಯೆಗೆ ಗದ್ಯಶೈಲಿಯೇ ಒಂದು ಪರಿಹಾರವಾಗಬಹುದೆಂಬುದು ಕಾರಂತರ ಕೆಲಸದಿಂದ ತಿಳಿಯುವ ಮುಖ್ಯ ಅಂಶ.

5. ಎರವಲು ಪದಗಳು: ಕಿವಿಯ ಬರಹ, ಕಣ್ಣಿನ ಬರಹ

ಯಂತ್ರಗಳೊಂದಿಗೆ ಬಂದ ಇಂಗ್ಲಿಷ್ ಪದಗಳ ಬರಹದಲ್ಲಿ ಕಾಣುವ ಗೊಂದಲ ಮೇಲ್ನೋಟಕ್ಕೆ ಅರಾಜಕವೆನಿಸಿದರೂ ಅದರ ಹಿಂದೆ ಕೆಲವು ನಿಯಮಗಳಿವೆ. ಮೊದಲನೆಯದು ಪದಾಂತ್ಯದ ಸ್ವರ. ಹಳಗನ್ನಡದ ಕಣ್, ಪಾಲ್ ಎಂಬ ವ್ಯಂಜನಾಂತ ಪದಗಳು ಹೊಸಗನ್ನಡದಲ್ಲಿ ಕಣ್ಣು, ಹಾಲು ಎಂದಾದವು. ಹ್ರಸ್ವಸ್ವರದ ಮುಂದೆ ವ್ಯಂಜನ ಇಮ್ಮಡಿಸಿತು, ದೀರ್ಘದ ಮುಂದೆ ಇಮ್ಮಡಿಸಲಿಲ್ಲ. ಇಪ್ಪತ್ತನೆಯ ಶತಮಾನದ ಬಸ್ಸು, ಕಾರು ಎಂಬ ರೂಪಗಳು ಈ ನಿಯಮವನ್ನೇ ಅನುಸರಿಸಿವೆ. ಬಾಯ್ಲರು, ಹೀಟರು, ಗ್ಯಾಸು, ಸ್ಟೀಮು ಎಂದು ಬರೆಯುವವರು ಕನ್ನಡದ ಒಳನಿಯಮವನ್ನು ಪಾಲಿಸುತ್ತಾರೆ. ಬಾಯ್ಲರ್, ಹೀಟರ್, ಗ್ಯಾಸ್, ಸ್ಟೀಮ್ ಎಂದು ಬರೆಯುವವರು ಮೂಲದ ಉಚ್ಚಾರಣೆಗೆ ಹತ್ತಿರವಿರಲು ಬಯಸುತ್ತಾರೆ. ಎರಡೂ ತಪ್ಪಲ್ಲ. ವಿಭಕ್ತಿ ಹತ್ತಿದೊಡನೆ ಬಾಯ್ಲರಿನ, ಬಾಯ್ಲರಿಗೆ ಎಂದು ಎರಡೂ ಒಂದೇ ಆಗುವುದರಿಂದ ಈ ಭೇದದಿಂದ ತೊಂದರೆಯೂ ಇಲ್ಲ.

ಎರಡನೆಯದು ಕಿವಿ ಮತ್ತು ಕಣ್ಣುಗಳ ಜಗಳ. ಥರ್ಮಾಮೀಟರ್ ಎಂಬ ಬರಹ ಇಂಗ್ಲಿಷ್ ಉಚ್ಚಾರಣೆಯನ್ನು ಕೇಳಿದವರದು. ಥರ್ಮೋಮೀಟರ್ ಎಂಬುದು ಇಂಗ್ಲಿಷ್ ಅಕ್ಷರಗಳನ್ನು ನೋಡಿದವರದು. ಮಹಾಪ್ರಾಣವಿಲ್ಲದ ಆಡುಮಾತಿನ ಪ್ರಭಾವದಿಂದ ತರ್ಮಾಮೀಟರ್ ಎಂಬ ಮೂರನೆಯ ರೂಪವೂ ಉಂಟು. ಫ್ಯಾರನ್‌ಹೀಟ್, ಫ್ಯಾರೆನ್‌ಹೀಟ್, ಫಾರನ್‌ಹೈಟ್ ಎಂಬ ರೂಪಗಳ ಹಿಂದೆ ಜರ್ಮನ್ ಮೂಲದ ವ್ಯಕ್ತಿನಾಮವೊಂದು ಇಂಗ್ಲಿಷಿನ ಮೂಲಕ ಬಂದ ಚರಿತ್ರೆಯಿದೆ. ಬಿಸಿನೀರಿನ ವಿದ್ಯುತ್ ಯಂತ್ರವನ್ನು ಗೀಸರ್, ಗೀಜರ್, ಗೈಸರ್ ಎಂದು ಬರೆಯುವುದುಂಟು; ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯೊಂದರ ಹೆಸರು ಬ್ರಿಟನ್ನಿನಲ್ಲಿ ಒಂದು ಬಗೆಯಾಗಿ, ಅಮೆರಿಕದಲ್ಲಿ ಇನ್ನೊಂದು ಬಗೆಯಾಗಿ ಉಚ್ಚಾರಗೊಂಡು ಇಲ್ಲಿನ ಅಂಗಡಿಯ ಫಲಕಕ್ಕೆ ಇಳಿದಿದೆ.

ಮೂರನೆಯದು ಕನ್ನಡ ಲಿಪಿಯ ಇತಿಮಿತಿ. ಪದಾದಿಯ ಎಕಾರ ಆಡುಮಾತಿನಲ್ಲಿ ಯೆಕಾರದಂತೆ ಕೇಳುವುದರಿಂದ ಎಂಜಿನ್, ಯಂಜಿನ್, ಇಂಜಿನ್ ಎಂಬ ರೂಪಗಳು ಹುಟ್ಟಿದವು. ಗ್ಯಾಸ್ ಪದದ ಸ್ವರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಯಕಾರದ ಒತ್ತಿನ ನೆರವು ಬೇಕಾಯಿತು. ಕ್ಯಾಲೊರಿ, ಕ್ಯಾಲೋರಿಗಳಲ್ಲಿ ಒಕಾರದ ಹ್ರಸ್ವ ದೀರ್ಘಗಳ ಗೊಂದಲವಿದೆ.

ಕೆಲವೊಮ್ಮೆ ಬದಲಾವಣೆ ಹೊರಗಿನಿಂದಲೂ ಬರುತ್ತದೆ. 1948ರಲ್ಲಿ ಅಂತರರಾಷ್ಟ್ರೀಯ ಮಾನಕ ಸಮ್ಮೇಳನ ಸೆಂಟಿಗ್ರೇಡ್ ಮಾನಕ್ಕೆ ಸೆಲ್ಸಿಯಸ್ ಎಂಬ ಹೆಸರನ್ನು ಅಂಗೀಕರಿಸಿತು. 1936ರ ಪುಸ್ತಕ ಓದಿ ಬೆಳೆದವರ ಮಕ್ಕಳಿಗೆ ಮಾನದ ಹೆಸರೇ ಬೇರೆಯಾಯಿತು; ಅದರ ಜೊತೆಗೆ ಸೆಲ್ಸಿಯಸ್, ಸೆಲ್ಶಿಯಸ್ ಎಂಬ ಹೊಸ ಬರಹಭೇದವೂ ಬಂದಿತು.

ವಸ್ತುವೇ ಕಣ್ಣೆದುರು ಇಲ್ಲದಾಗ ಪದದ ರೂಪಕ್ಕೆ ಇನ್ನಷ್ಟು ಭಾರ ಬೀಳುತ್ತದೆ. ಮಂಗಳೂರಿಗೆ ರೈಲು 1907ರಲ್ಲಿಯೇ ಬಂದಿತ್ತು. ಪುತ್ತೂರು, ಸುಬ್ರಹ್ಮಣ್ಯ ಮಾರ್ಗವಾಗಿ ಹಾಸನವನ್ನು ಮುಟ್ಟುವ ದಾರಿ ಪೂರ್ಣಗೊಂಡದ್ದು 1979ರಲ್ಲಿ, ಕಾರಂತರು ಪುತ್ತೂರನ್ನು ಬಿಟ್ಟ ಮೇಲೆ. ಉಗಿಬಂಡಿ, ಹೊಗೆಬಂಡಿ ಎಂಬ ಪದಗಳನ್ನು ಓದುತ್ತಿದ್ದ ಈ ಸೀಮೆಯ ಹಲವು ಮಕ್ಕಳು ಆ ಬಂಡಿಯನ್ನೇ ಕಂಡಿರಲಿಲ್ಲ. ಉಗಿಯೂ ಹೊಗೆಯೂ ಬೇರೆ ಬೇರೆ ಎಂಬುದು ಅಡುಗೆಮನೆಯಲ್ಲಿ ಗೊತ್ತಿದ್ದ ಸಂಗತಿ. ಬಂಡಿಯನ್ನು ಎಳೆಯುವುದು ಯಾವುದು ಎಂಬುದನ್ನು ಮಾತ್ರ ಎರಡು ಹೆಸರುಗಳು ಎರಡು ಬಗೆಯಾಗಿ ಹೇಳುತ್ತಿದ್ದವು. ಇಂಥಲ್ಲಿ ಚಿತ್ರವೇ ತೀರ್ಪು ಕೊಡಬೇಕು. ಬಾಲಪ್ರಪಂಚದಲ್ಲಿ ಚಿತ್ರಗಳಿಗೆ ದೊರೆತ ಪ್ರಾಧಾನ್ಯವನ್ನು ಈ ದೃಷ್ಟಿಯಿಂದಲೂ ಅರ್ಥೈಸಬಹುದು.

6. ಅರ್ಥಕೋಶ, ಅಚ್ಚು ಮತ್ತು ವಿಜ್ಞಾನ ಪ್ರಪಂಚ

1941ರಲ್ಲಿ ಕಾರಂತರ ಸಿರಿಗನ್ನಡ ಅರ್ಥಕೋಶ ಪ್ರಕಟವಾಯಿತು. ವಿದ್ವಾಂಸರಿಗಲ್ಲ, ವಿದ್ಯಾರ್ಥಿಗಳಿಗೂ ಸಾಮಾನ್ಯ ಓದುಗರಿಗೂ ಕೈಗೆಟಕುವ ಕೋಶ ಅದು. ಕಾದಂಬರಿಕಾರನೊಬ್ಬ ಅರ್ಥಕೋಶ ರಚನೆಗೆ ಇಳಿದದ್ದು ಕೇವಲ ಹವ್ಯಾಸವಲ್ಲ. ಬಾಲಪ್ರಪಂಚದ ಅನುಭವದಲ್ಲಿ ಕಂಡುಬಂದಿರಬಹುದಾದ ಅಗತ್ಯವನ್ನು ಅದರ ಹಿಂದೆ ಊಹಿಸಬಹುದು.

ಕಾರಂತರು ಪುತ್ತೂರಿನಲ್ಲಿ ಮುದ್ರಣ, ಪ್ರಕಾಶನಗಳ ಹೊಣೆಯನ್ನೂ ಹೊತ್ತರು. ಅವರ ಕೃತಿಗಳು ಹರ್ಷ ಎಂಬ ಹೆಸರಿನ ಪ್ರಕಾಶನದಿಂದ ಹೊರಬಂದವು. ಪದದ ರೂಪದ ಪ್ರಶ್ನೆ ಲೇಖಕನ ಮೇಜಿನಲ್ಲಿ ಮುಗಿಯುವುದಿಲ್ಲ, ಅಚ್ಚಿನ ಮನೆಯಲ್ಲಿ ಮುಂದುವರಿಯುತ್ತದೆ. ಅಚ್ಚುಮೊಳೆಗಳ ಕಾಲದಲ್ಲಿ ಕನ್ನಡದ ಒತ್ತಕ್ಷರಗಳಿಗೆ ಬೇರೆ ಮೊಳೆಗಳು ಬೇಕಿದ್ದವು. ಬೇಕಾದ ಮೊಳೆ ಸಾಕಷ್ಟಿಲ್ಲದಿದ್ದರೆ ಸ್ಟೀಮ್ ಎಂಬುದು ಸ್ಟೀಂ ಆಗುವುದು, ಒಂದೇ ಪುಸ್ತಕದ ಎರಡು ಪುಟಗಳಲ್ಲಿ ಎರಡು ರೂಪಗಳು ಉಳಿಯುವುದು ಅಂದಿನ ಮುದ್ರಣದಲ್ಲಿ ಅಪರೂಪವಲ್ಲ. ಲೇಖಕನೂ ಪ್ರಕಾಶಕನೂ ಒಬ್ಬನೇ ಆದಾಗ ಇದರ ಮೇಲೆ ಸ್ವಲ್ಪ ಹಿಡಿತ ಸಾಧ್ಯ. ನಷ್ಟವಾದರೆ ಹೊರುವವನೂ ಅವನೇ. ಸರ್ಕಾರಿ ಹಣದ ಬೆಂಬಲವಿಲ್ಲದೆ ಚಿತ್ರಸಹಿತವಾದ ದೊಡ್ಡ ಸಂಪುಟಗಳನ್ನು ಕನ್ನಡದಲ್ಲಿ ತರುವುದೆಂದರೆ ಸಂಸಾರದ ಅನ್ನವನ್ನೇ ಪಣಕ್ಕಿಡುವ ಕೆಲಸವಾಗಿತ್ತು.

1955ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಕಾರಂತರದಾಗಿತ್ತು. ಮರುವರ್ಷ, 1956ರ ನವೆಂಬರ್ 1ರಂದು, ರಾಜ್ಯ ಪುನರ್ವಿಂಗಡಣೆಯಾಗಿ ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮದರಾಸು, ಮುಂಬಯಿ, ಹೈದರಾಬಾದು, ಕೊಡಗು ಮತ್ತು ಹಳೆಯ ಮೈಸೂರಿನ ಆಡಳಿತಗಳಲ್ಲಿ ಬೇರೆ ಬೇರೆಯಾಗಿ ಬೆಳೆದ ಬರಹದ ರೂಢಿಗಳು ಒಂದೇ ಪಠ್ಯಪುಸ್ತಕದಲ್ಲಿ ಸಂಧಿಸಬೇಕಾದ ಸನ್ನಿವೇಶ ಆಗ ಉಂಟಾಯಿತು. 1961ರಲ್ಲಿ ಕೇಂದ್ರ ಸರ್ಕಾರ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವನ್ನು ಸ್ಥಾಪಿಸಿತು. ಭಾರತೀಯ ಭಾಷೆಗಳೆಲ್ಲಕ್ಕೂ ಸಾಮಾನ್ಯವಾದ ಸಂಸ್ಕೃತಮೂಲದ ಪದಗಳು ಬೇಕೆಂಬ ಒಲವು ಬಲಗೊಂಡಿತು.

ಇದೇ ಸಂಧಿಕಾಲದಲ್ಲಿ, 1959ರಿಂದ ಮುಂದಿನ ಕೆಲವು ವರ್ಷಗಳಲ್ಲಿ, ಕಾರಂತರ ವಿಜ್ಞಾನ ಪ್ರಪಂಚ ನಾಲ್ಕು ಸಂಪುಟಗಳಲ್ಲಿ ಬಂದಿತು. 1959ರಲ್ಲಿಯೇ ಯಕ್ಷಗಾನ ಬಯಲಾಟ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಲಭಿಸಿತು. ಕಡಲನ್ನು ಕುರಿತ ರೇಚಲ್ ಕಾರ್ಸನ್ ಅವರ ಗ್ರಂಥವನ್ನೂ ಕಾರಂತರು ಕನ್ನಡಕ್ಕೆ ತಂದರು. ಬಾಲಪ್ರಪಂಚದಿಂದ ವಿಜ್ಞಾನ ಪ್ರಪಂಚದವರೆಗಿನ ಎರಡು ದಶಕಗಳಿಗೂ ಮೀರಿದ ಅವಧಿಯಲ್ಲಿ ಮಗುವಿಗಾಗಿ ಬರೆದ ಗದ್ಯ ಬೆಳೆದವರಿಗಾಗಿ ಬರೆಯುವ ಗದ್ಯವಾಯಿತು. ಆದರೆ ಸಮಿತಿಯ ಒಪ್ಪಿಗೆಗೆ ಕಾಯದೆ ಬರವಣಿಗೆಯಲ್ಲೇ ಪದವನ್ನು ಪರೀಕ್ಷೆಗೊಡ್ಡುವ ಕ್ರಮ ಬದಲಾಗಲಿಲ್ಲ. ಸಮಿತಿಗಳು ಪದಪಟ್ಟಿಗಳನ್ನು ಕೊಟ್ಟವು; ಪಟ್ಟಿಯ ಪದ ವಾಕ್ಯದಲ್ಲಿ ಬಾಳುತ್ತದೆಯೇ ಎಂಬುದನ್ನು ತೋರಿಸಿದ್ದು ಇಂಥ ಗ್ರಂಥಗಳು.

ಈ ಕ್ರಮಕ್ಕೆ ಒಂದು ಮಿತಿಯೂ ಇದೆ. ಒಬ್ಬನೇ ಬರೆದ ಕೋಶದಲ್ಲಿ ಪದಗಳಿಗೆ ಒಂದು ಮನಸ್ಸಿನ ಏಕತೆ ದೊರೆಯುತ್ತದೆ. ಆದರೆ ಅದು ಶಾಲೆ, ಪರೀಕ್ಷೆ, ಪತ್ರಿಕೆಗಳನ್ನು ಕಟ್ಟಿಹಾಕಲಾರದು. ಬಾಲಪ್ರಪಂಚ ಓದಿದ ಮಗು ಶಾಲೆಯಲ್ಲಿ ಬರೆಯಬೇಕಾದದ್ದು ಪಠ್ಯಪುಸ್ತಕದ ಪದವನ್ನೇ. ವ್ಯಕ್ತಿಯ ಸಾಹಸ ಸಂಸ್ಥೆಯ ಜವಾಬ್ದಾರಿಗೆ ಬದಲಿಯಾಗಲಾರದೆಂಬುದನ್ನು ಇಲ್ಲಿ ಒಪ್ಪಬೇಕಾಗುತ್ತದೆ.

7. ಕೊನೆಯ ದಶಕಗಳು

1968ರಲ್ಲಿ ಕಾರಂತರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತ್ತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅದನ್ನು ಹಿಂದಿರುಗಿಸಿದರು. 1970ರ ದಶಕದಲ್ಲಿ ಪುತ್ತೂರನ್ನು ಬಿಟ್ಟು ಹುಟ್ಟೂರಿನ ಸಮೀಪದ ಸಾಲಿಗ್ರಾಮದಲ್ಲಿ ನೆಲೆಸಿದರು. ಮೂಕಜ್ಜಿಯ ಕನಸುಗಳು ಕಾದಂಬರಿಗೆ 1977ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು.

ಕೈಗಾ ಅಣುವಿದ್ಯುತ್ ಸ್ಥಾವರದ ವಿರುದ್ಧ ನಡೆದ ಹೋರಾಟದಲ್ಲಿ ಕಾರಂತರು ಮುಂಚೂಣಿಯಲ್ಲಿದ್ದರು. 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿ ಸೋತರು. ನಿರ್ಮಾಣ ಹಂತದಲ್ಲಿದ್ದ ಸ್ಥಾವರದ ಗುಮ್ಮಟದ ಒಂದು ಭಾಗ 1994ರಲ್ಲಿ ಕುಸಿಯಿತು. ವಿದ್ಯುತ್ತಿನ ವಾಣಿಜ್ಯ ಉತ್ಪಾದನೆ 2000ದಲ್ಲಿ ಆರಂಭವಾಯಿತು. ಅಣುಸ್ಥಾವರವೂ ಮೂಲತಃ ನೀರನ್ನು ಕಾಯಿಸಿ ಹಬೆಯಿಂದ ಚಕ್ರ ತಿರುಗಿಸುವ ಯಂತ್ರವೇ. ಜನರ ಬದುಕಿಗೆ ಸಂಬಂಧಿಸಿದ ಇಂಥ ಯಂತ್ರದ ಬಗ್ಗೆ ಜನರ ಭಾಷೆಯಲ್ಲಿ ಚರ್ಚೆ ನಡೆಯಬೇಕಾದರೆ ಅಣು, ಪರಮಾಣು, ವಿಕಿರಣಗಳೆಂಬ ಪದಗಳು ಮೊದಲೇ ಜನರ ಕೈಯಲ್ಲಿರಬೇಕು. ಅವನ್ನು ಜನರ ಕೈಗಿಡಲು ನಡೆದ ದೀರ್ಘ ಪ್ರಯತ್ನದಲ್ಲಿ ಪುತ್ತೂರಿನ ಸಂಪುಟಗಳಿಗೂ ಪಾಲಿದೆ. ಅವುಗಳ ಕರ್ತೃವೇ ಐದು ದಶಕಗಳ ಬಳಿಕ ಆ ಚರ್ಚೆಯ ಕಣಕ್ಕೆ ಇಳಿದದ್ದು ಆಕಸ್ಮಿಕವಲ್ಲ.

1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕಾರಂತರು ನಿಧನರಾದರು. ಪುತ್ತೂರಿನ ಬಾಲವನ ಇಂದು ಅವರ ಸ್ಮಾರಕವಾಗಿ ಉಳಿದಿದೆ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಬರಹರೂಪದ ಎಲ್ಲ ವ್ಯತ್ಯಾಸಗಳೂ ಒಂದೇ ತೂಕದವಲ್ಲ. ಬಾಯ್ಲರ್–ಬಾಯ್ಲರು, ಕುಲುಮೆ–ಕುಲಿಮೆಗಳಂಥ ಭೇದ ಭಾಷೆಯ ಸಹಜ ಸ್ಥಿತಿ. ಅವನ್ನು ಒಂದೇ ಅಚ್ಚಿಗೆ ಸುರಿಯುವ ಅವಸರ ಬೇಕಿಲ್ಲ, ಕೋಶಗಳು ದಾಖಲಿಸಿದರೆ ಸಾಕು. ಥರ್ಮಾಮೀಟರ್–ಥರ್ಮೋಮೀಟರ್‌ಗಳಂಥ ಭೇದ ಅರ್ಥವನ್ನು ಕೆಡಿಸದಿದ್ದರೂ ಒಂದೇ ಪಠ್ಯದೊಳಗೆ ಬೆರೆಯಬಾರದು. ಉಷ್ಣ–ಉಷ್ಣತೆ, ಶಾಖ–ತಾಪಗಳಲ್ಲಿ ಮಾತ್ರ ಪದದ ರೂಪವೇ ಪರಿಕಲ್ಪನೆಯ ಗಡಿ. ಅಲ್ಲಿನ ಸಡಿಲಿಕೆ ವಿಜ್ಞಾನವನ್ನೇ ತಪ್ಪಾಗಿ ಕಲಿಸುತ್ತದೆ.

ಈ ಮೂರು ಬಗೆಗಳನ್ನು ಬೇರ್ಪಡಿಸದೆ ಎಲ್ಲವನ್ನೂ ಕಾಗುಣಿತದ ತಪ್ಪೆಂದು ಕರೆಯುವುದರಿಂದ ಹೆಚ್ಚು ಪೆಟ್ಟು ತಿನ್ನುವವರು ಬರಹದ ಮೂಲಕವೇ ಕನ್ನಡಕ್ಕೆ ಬಂದವರು. 1986ರಲ್ಲಿ ಕ್ಯಾಂಪ್ಕೊ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲಿ ಆರಂಭವಾಯಿತು. ಅದಕ್ಕೆ ಬೇಕಾದ ಬೆಳೆಯನ್ನು ಅಡಿಕೆ ತೋಟಗಳ ನಡುವೆ ಬೆಳೆಯುವ ಕೃಷಿಕರು ಕೊಕ್ಕೊ ಎನ್ನುತ್ತಾರೆ, ಪುಸ್ತಕಗಳು ಕೋಕೋ ಎನ್ನುತ್ತವೆ. ಬೀಜವನ್ನು ಹುರಿಯುವ ಯಂತ್ರಕ್ಕೆ ಎರಡೂ ಒಂದೇ. ಕೃಷಿಕರ ಪದವನ್ನು ತಪ್ಪೆಂದು ತಳ್ಳಿದಾಗ ಪುಸ್ತಕ ಅವರ ತೋಟದಿಂದ ದೂರವಾಗುತ್ತದೆ. ಕಾರಂತರ ಕೋಶಗಳ ಮಾಹಿತಿಯಲ್ಲಿ ಬಹಳಷ್ಟು ಇಂದು ಹಳತಾಗಿದೆ. ಹಲವು ಪದಗಳ ಸ್ಥಾನದಲ್ಲಿ ಬೇರೆ ಪದಗಳು ನೆಲೆಗೊಂಡಿವೆ. ಹಳತಾಗದೆ ಉಳಿದಿರುವುದು ಅವುಗಳ ಕ್ರಮ: ಓದುಗನಿಗೆ ಮೊದಲು ಸಂಗತಿಯನ್ನು ತೋರಿಸಬೇಕು, ಅನಂತರ ಅದಕ್ಕೆ ಹೆಸರಿಡಬೇಕು, ಇಟ್ಟ ಹೆಸರನ್ನು ಪುಸ್ತಕ ಮುಗಿಯುವವರೆಗೆ ಬದಲಿಸಬಾರದು. ಕನ್ನಡದಲ್ಲಿ ಪಠ್ಯಪುಸ್ತಕ ರಚಿಸುವವರು ಪದಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು ಈ ಕ್ರಮವನ್ನು ಪರಿಶೀಲಿಸುವುದು ಉಪಯುಕ್ತವಾದೀತು.